ಕಾವಲಿಯಿಂದ ಕಂಬಳದವರೆಗೆ: ಕರಾವಳಿಯವರು ಪದೇ ಪದೇ ಕೇಳುವ ಭೌತಶಾಸ್ತ್ರದ ಪ್ರಶ್ನೆಗಳು

ಮಂಗಳೂರು–ಉಡುಪಿ ಕಡೆಯ ಅಡುಗೆಮನೆ, ಮಾಡು (ಮನೆಯ ಚಾವಣಿ), ಕಡಲು, ಗದ್ದೆಗಳ ಬಗ್ಗೆ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಇವು. ಉತ್ತರದಲ್ಲಿರುವ ಲೆಕ್ಕಗಳನ್ನು ಪಿಯುಸಿ ಮಟ್ಟದ ಸೂತ್ರಗಳಿಂದ ನೀವೇ ಹಾಕಿ ನೋಡಬಹುದು. ಒಂದು ಅಂಕಿ ಮಾತ್ರ ಮೊದಲೇ ನೆನಪಿಟ್ಟುಕೊಳ್ಳಿ: ಕುದಿಯುವ ನೀರಿನ ಒಂದು ಗ್ರಾಂ ಆವಿಯಾಗಲು ಸುಮಾರು 2.26 ಕಿಲೋಜೂಲ್ ಶಾಖ ಬೇಕು. ನಮ್ಮ ಊರಿನ ಅರ್ಧ ಪ್ರಶ್ನೆಗಳು ಕೊನೆಗೆ ಬಂದು ನಿಲ್ಲುವುದು ಅಲ್ಲಿಯೇ.

ನೀರುದೋಸೆಗೆ ತೂತು ಬೀಳುವುದೇ ಇಲ್ಲ. ಹಿಟ್ಟಿನ ತಪ್ಪಾ, ಕಾವಲಿಯ ತಪ್ಪಾ?

ಹೆಚ್ಚಿನ ಸಲ ಕಾವಲಿಯದ್ದು. ನೀರುದೋಸೆಗೆ ಹುಳಿ ಬರಿಸುವ ಕ್ರಮ ಇಲ್ಲ, ಆದ್ದರಿಂದ ಉದ್ದಿನ ದೋಸೆಯಲ್ಲಿರುವಂಥ ಗಾಳಿಗುಳ್ಳೆ ಹಿಟ್ಟಿನಲ್ಲಿ ಮೊದಲೇ ಇರುವುದಿಲ್ಲ. ತೂತು ಹುಟ್ಟುವುದು ಕಾವಲಿಯ ಮೇಲೆಯೇ. ತೆಳು ಹಿಟ್ಟು ಕಾದ ಕಬ್ಬಿಣಕ್ಕೆ ತಾಗಿದ ಕೂಡಲೇ ತಳದ ನೀರು ಕುದಿಯುತ್ತದೆ. ಒಂದು ಗ್ರಾಂ ನೀರು ಆವಿಯಾದರೆ ಒಂದೂವರೆ ಲೀಟರಿಗೂ ಹೆಚ್ಚು ಜಾಗ ಬೇಡುತ್ತದೆ. ಅದು ಹಿಟ್ಟಿನ ಪದರವನ್ನು ಒಡೆದು ಮೇಲೆ ಹೋಗುತ್ತದೆ. ಅದೇ ಹೊತ್ತಿಗೆ ಸುತ್ತಲಿನ ಅಕ್ಕಿಯ ಪಿಷ್ಟ 70 ಡಿಗ್ರಿ ಆಸುಪಾಸಿನಲ್ಲಿ ಗಂಜಿಗಟ್ಟಿ ನಿಲ್ಲುವುದರಿಂದ ತೂತು ಮತ್ತೆ ಮುಚ್ಚಿಕೊಳ್ಳುವುದಿಲ್ಲ.

ಕಾವಲಿ ಸಾಕಷ್ಟು ಕಾಯದಿದ್ದರೆ ಈ ಎರಡು ಕೆಲಸಗಳ ಸರದಿ ತಿರುಗಿಹೋಗುತ್ತದೆ. ನೀರು ಜೋರಾಗಿ ಕುದಿಯುವ ಮೊದಲೇ ಪಿಷ್ಟ ಗಟ್ಟಿಯಾಗಿ, ದೋಸೆ ಬೋಳು ಹಾಳೆಯ ಹಾಗೆ ಆಗುತ್ತದೆ. ಪರೀಕ್ಷೆ ಸುಲಭ: ನಾಲ್ಕು ಹನಿ ನೀರು ಚಿಮುಕಿಸಿ. ಹನಿ ಹರಡಿ ಮೆಲ್ಲಗೆ ಗುಳ್ಳೆ ಬಿಟ್ಟರೆ ಕಾವು ಸಾಲದು. ಚುರ್ರೆಂದು ಒಂದೆರಡು ಸೆಕೆಂಡಿನಲ್ಲಿ ಮಾಯವಾದರೆ ಸರಿ. ಹನಿ ಉಂಡೆಯಾಗಿ ಕಾವಲಿ ತುಂಬ ಓಡಾಡಿದರೆ ಕಾವು ಹೆಚ್ಚಾಯಿತು; ಹನಿಯ ಅಡಿಯಲ್ಲಿ ಆವಿಯ ಪದರ ನಿಂತು ಅದು ಕಬ್ಬಿಣಕ್ಕೆ ತಾಗುತ್ತಲೇ ಇಲ್ಲ. ಇದಕ್ಕೆ ಲೈಡನ್‌ಫ್ರಾಸ್ಟ್ ಪರಿಣಾಮ ಎಂದು ಹೆಸರು, ಸುಮಾರು 200 ಡಿಗ್ರಿಯ ಹತ್ತಿರ ಶುರುವಾಗುತ್ತದೆ.

ಹಿಟ್ಟಿನ ಅಳತೆ: ಒಂದು ಕಪ್ ಬೆಳ್ತಿಗೆ (ಕುಚ್ಚಲಲ್ಲದ ಬಿಳಿ) ಅಕ್ಕಿ ಮೂರು-ನಾಲ್ಕು ಗಂಟೆ ನೆನೆಸಿ, ಎರಡು-ಮೂರು ಚಮಚ ತೆಂಗಿನತುರಿಯೊಂದಿಗೆ ನುಣ್ಣಗೆ ರುಬ್ಬಿ, ರುಬ್ಬುವಾಗ ಹಾಕಿದ್ದೂ ಸೇರಿ ಎರಡೂವರೆಯಿಂದ ಮೂರು ಕಪ್ ನೀರು. ಸೌಟು ಅದ್ದಿ ಎತ್ತಿದರೆ ನೀರುಮಜ್ಜಿಗೆಯ ಹಾಗೆ ಸುರಿಯಬೇಕು. ದಪ್ಪವಾದರೆ ಆವಿಗೆ ಪದರ ಒಡೆಯಲು ಬರುವುದಿಲ್ಲ, ತೀರಾ ತೆಳುವಾದರೆ ಹಾಳೆ ಹರಿಯುತ್ತದೆ.

ಇನ್ನೊಂದು ತಪ್ಪು ಬಹಳ ಮಂದಿಗೆ ಗೊತ್ತಾಗುವುದೇ ಇಲ್ಲ. ಇಷ್ಟು ನೀರಿನಲ್ಲಿ ಅಕ್ಕಿಯ ಕಣ ತೇಲಿ ನಿಲ್ಲುವುದಿಲ್ಲ. 50 ಮೈಕ್ರೋಮೀಟರ್ ಗಾತ್ರದ ಕಣ ಸೆಕೆಂಡಿಗೆ ಮುಕ್ಕಾಲು ಮಿಲಿಮೀಟರಿನಷ್ಟು ಇಳಿಯುತ್ತದೆ. ಐದು ಸೆಂಟಿಮೀಟರ್ ಆಳದ ಪಾತ್ರೆಯಲ್ಲಿ ಒಂದು ನಿಮಿಷ ಚಿಲ್ಲರೆಯಲ್ಲಿ ತಳ ಮುಟ್ಟಿತು. ಮೇಲಿನಿಂದ ಸೌಟು ಹಾಕಿದವರಿಗೆ ಸಿಗುವುದು ಬರೀ ನೀರು, ಕೊನೆಯ ದೋಸೆಗೆ ಉಳಿಯುವುದು ಮುದ್ದೆ. ಪ್ರತಿ ದೋಸೆಗೂ ತಳ ಮುಟ್ಟಿ ಕದಡಿಯೇ ಹೊಯ್ಯಬೇಕು.

ಹೊಯ್ಯುವುದು ಅಂಚಿನಿಂದ ನಡುವಿಗೆ. ಸೌಟಿನಿಂದ ಹರಡಿದರೆ ಆಗಷ್ಟೇ ಹುಟ್ಟಿದ ತೂತೆಲ್ಲ ಉಜ್ಜಿಹೋಗುತ್ತದೆ. ಮುಚ್ಚಳ ಹಾಕಿದರೆ ಮೇಲ್ಭಾಗ ಆವಿಯಲ್ಲೇ ಬೇಯುತ್ತದೆ, ಮಗುಚುವ ಅಗತ್ಯ ಇಲ್ಲ. ತೆಗೆದ ಮೇಲೆ ಬಿಸಿಬಿಸಿ ಒಂದರ ಮೇಲೊಂದು ಪೇರಿಸಬೇಡಿ. ನಡುವೆ ಸಿಕ್ಕ ಆವಿ ಮತ್ತೆ ನೀರಾಗಿ ದೋಸೆಗಳು ಅಂಟಿ ಒಂದಾಗುತ್ತವೆ.

ಮೊದಲನೆಯ ದೋಸೆ ಚಂದ ಬರುತ್ತದೆ, ಎರಡನೆಯದ್ದು ಕೈಕೊಡುತ್ತದೆ. ಎಂತ ಮಾಡುವುದು?

ಒಂದು ನಿಮಿಷ ಕಾಯುವುದು. 60 ಗ್ರಾಂ ಹಿಟ್ಟನ್ನು 30ರಿಂದ 100 ಡಿಗ್ರಿಗೆ ತರಲು ಸುಮಾರು 16 ಕಿಲೋಜೂಲ್, ಅದರಲ್ಲಿ 25 ಗ್ರಾಂ ನೀರು ಆವಿಯಾಗಲು 56 ಕಿಲೋಜೂಲ್ ಬೇಕು. ಉರಿ ಇಲ್ಲದಿದ್ದರೆ ಇದೆಲ್ಲ ಕಾವಲಿಯಿಂದಲೇ ಹೋಗಬೇಕು. ಎರಡು ಕಿಲೋದ ಬೀಡುಕಬ್ಬಿಣದ ಕಾವಲಿಯಾದರೆ ಅದರ ಉಷ್ಣತೆ ಸುಮಾರು 80 ಡಿಗ್ರಿ ಇಳಿಯುವಷ್ಟು ಶಾಖ ಅದು. ಅರ್ಧ ಕಿಲೋದ ಅಲ್ಯೂಮಿನಿಯಂ ತವವಾದರೆ 160 ಡಿಗ್ರಿ. ಗ್ಯಾಸಿನ ಉರಿಯಿಂದ ಕಾವಲಿಗೆ ನಿಜವಾಗಿ ತಲುಪುವುದು ಸುಮಾರು ಒಂದು ಕಿಲೋವ್ಯಾಟ್, ಅಂದರೆ ನಿಮಿಷಕ್ಕೆ 60 ಕಿಲೋಜೂಲ್. ಅಜ್ಜಿಯಂದಿರು ಭಾರದ ಕಾವಲಿಯನ್ನು ಯಾರಿಗೂ ಕೊಡದೆ ಇಟ್ಟುಕೊಳ್ಳುವುದಕ್ಕೆ ಕಾರಣ ಉಂಟು.

ಮಂಗಳೂರಿನಲ್ಲಿ 33 ಡಿಗ್ರಿ, ಕಲಬುರಗಿಯಲ್ಲಿ 40. ಆದರೂ ಸೆಕೆ ನಮಗೇ ಹೆಚ್ಚು ಅನ್ನಿಸುವುದು ಭ್ರಮೆಯಾ?

ಭ್ರಮೆ ಅಲ್ಲ. ಮೈ ತಂಪಾಗುವುದು ಬೆವರು ಆವಿಯಾದಾಗ; ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಮೈಯಿಂದ ಸುಮಾರು 2,400 ಕಿಲೋಜೂಲ್ ಶಾಖ ಹೋಗುತ್ತದೆ. ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿನಿಂದ ಏನೂ ಲಾಭ ಇಲ್ಲ. ಗಾಳಿ ಎಷ್ಟು ಆವಿ ತೆಗೆದುಕೊಳ್ಳಲು ಸಿದ್ಧ ಎಂಬುದನ್ನು ತೋರಿಸುವುದು ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರಿನ ಉಷ್ಣತೆ. 33 ಡಿಗ್ರಿ, 75 ಶೇಕಡಾ ತೇವಾಂಶ ಇದ್ದರೆ ಅದು 29 ಡಿಗ್ರಿ ತೋರಿಸುತ್ತದೆ. 40 ಡಿಗ್ರಿ, 20 ಶೇಕಡಾ ತೇವಾಂಶಕ್ಕೆ 23 ಡಿಗ್ರಿಯೂ ಇಲ್ಲ. ನಮ್ಮ ಚರ್ಮ ಸುಮಾರು 35 ಡಿಗ್ರಿಯಲ್ಲಿರುತ್ತದೆ. ಅಲ್ಲಿಯವರಿಗೆ 12 ಡಿಗ್ರಿ ಅಂತರ ಸಿಕ್ಕಿದರೆ ನಮಗೆ ಸಿಗುವುದು ಆರು.

ಮನೆಯಲ್ಲಿ ಅಳೆಯಬೇಕಾದರೆ ಒಂದೇ ತರಹದ ಎರಡು ಥರ್ಮಾಮೀಟರ್ ತಗೊಳ್ಳಿ. ಒಂದರ ಬುಡಕ್ಕೆ ಒದ್ದೆ ಹತ್ತಿಬಟ್ಟೆ ಸುತ್ತಿ, ಎರಡನ್ನೂ ಫ್ಯಾನಿನ ಎದುರು ಐದು ನಿಮಿಷ ಇಟ್ಟು ಓದಿ. ವ್ಯತ್ಯಾಸ ಮೂರು-ನಾಲ್ಕು ಡಿಗ್ರಿಗಿಂತ ಕಡಿಮೆ ಇದ್ದರೆ ಬೆವರು ಒಣಗುವ ಆಸೆ ಬಿಡಿ.

ಹಾಗಾದರೆ ನೀರು ಹಾಕುವ ಏರ್ ಕೂಲರ್ ತೆಗೆದುಕೊಳ್ಳಬಹುದಾ?

ಇಲ್ಲಿ ಬೇಡ. ಒಳ್ಳೆಯ ಕೂಲರ್ ಕೂಡ ಮೇಲೆ ಹೇಳಿದ ವ್ಯತ್ಯಾಸದ 80 ಶೇಕಡಾದಷ್ಟು ಮಾತ್ರ ತಂಪು ಮಾಡೀತು. ಕಲಬುರಗಿಯಲ್ಲಿ 40 ಇದ್ದದ್ದು 26ಕ್ಕೆ ಇಳಿದರೆ, ಇಲ್ಲಿ 33 ಇದ್ದದ್ದು 30ಕ್ಕೆ. ಆಮೇಲೆ ಆ ತೇವ ಕೋಣೆಯಲ್ಲೇ ಉಳಿದು ಗೋಡೆಗೆ ಬೂಷ್ಟು. ಎಸಿಯ ಕೆಲಸ ಬೇರೆ ರೀತಿ, ಅದು ಗಾಳಿಯ ನೀರನ್ನು ಹಿಂಡಿ ಹೊರಗೆ ಬಿಡುತ್ತದೆ. 33 ಡಿಗ್ರಿ, 75 ಶೇಕಡಾ ತೇವಾಂಶದ ಗಾಳಿಯ ಒಂದು ಘನಮೀಟರಿನಲ್ಲಿ 27 ಗ್ರಾಂ ನೀರು ಇರುತ್ತದೆ. 25 ಡಿಗ್ರಿ, 55 ಶೇಕಡಾಕ್ಕೆ ಇಳಿಸಿದರೆ 13 ಗ್ರಾಂ. ಹತ್ತಡಿಗೆ ಹತ್ತಡಿ ಕೋಣೆಯ ಗಾಳಿ ಒಮ್ಮೆ ಬದಲಾದರೆ 400 ಗ್ರಾಂ ನೀರು ಹೊಸದಾಗಿ ತೆಗೆಯಬೇಕು. ಬಾಗಿಲು ಸಂದಿ ಬಿಟ್ಟು ಎಸಿ ಹಾಕುವವರ ಬಿಲ್ಲು ಏರುವುದು ಇದರಿಂದ.

ಮಳೆಯಲ್ಲಿ ಕಾರಿನ ಎದುರು ಗಾಜು ಮಬ್ಬಾದರೆ ಎಸಿ ಹಾಕಬೇಕಾ, ತೆಗೆಯಬೇಕಾ?

ಮಬ್ಬು ಯಾವ ಬದಿಯಲ್ಲಿ ಉಂಟು ಎಂದು ಮೊದಲು ಬೆರಳಿನಿಂದ ಒರೆಸಿ ನೋಡಿ. ಎರಡೂ ಬದಿಗೆ ಮದ್ದು ತದ್ವಿರುದ್ಧ.

ಚಾರ್ಮಾಡಿ, ಶಿರಾಡಿ ಹತ್ತುವಾಗ ಹೊರಗೆ ತಂಪು, ಒಳಗೆ ನಾಲ್ಕೈದು ಜನರ ಉಸಿರು, ಒದ್ದೆ ಕೊಡೆ, ಒದ್ದೆ ಚಪ್ಪಲಿ. ಮಬ್ಬು ಒಳಬದಿಗೆ ಕೂರುತ್ತದೆ. ಎಸಿ ಹಾಕಿ, ಗಾಳಿಯನ್ನು ಗಾಜಿನ ಕಡೆ ತಿರುಗಿಸಿ, ಒಳಗಿನ ಗಾಳಿಯನ್ನೇ ಸುತ್ತಿಸುವ ಗುಂಡಿ ಬಂದ್ ಮಾಡಿ ಹೊರಗಾಳಿ ಬಿಡಿ, ಉಷ್ಣತೆಯ ಗುಬ್ಬಿ ಸ್ವಲ್ಪ ಬಿಸಿಯ ಕಡೆ ಇಡಿ. ಎಸಿ ಗಾಳಿಯ ನೀರು ತೆಗೆಯುತ್ತದೆ, ಹೀಟರ್ ಗಾಜನ್ನು ಬೆಚ್ಚಗೆ ಇಡುತ್ತದೆ. ಎರಡನ್ನೂ ಒಟ್ಟಿಗೆ ಹಾಕುವುದು ಹುಚ್ಚುತನ ಅಲ್ಲ.

ಪಡುಬಿದ್ರಿಯ ಹತ್ತಿರ ಹೆದ್ದಾರಿಯಲ್ಲಿ ಹೊರಗೆ 26 ಡಿಗ್ರಿ, 95 ಶೇಕಡಾ ತೇವಾಂಶ ಇರುವಾಗ ಸಂಗತಿ ಬೇರೆ. ಆ ಗಾಳಿ 25 ಡಿಗ್ರಿಗೆ ತಣಿದರೆ ಸಾಕು, ಇಬ್ಬನಿ ಕಟ್ಟುತ್ತದೆ. ಎಸಿಯ ಗಾಳಿ ಗಾಜನ್ನು ಅದಕ್ಕಿಂತ ತಂಪು ಮಾಡಿದರೆ ಮಬ್ಬು ಹೊರಬದಿಗೆ ಬರುತ್ತದೆ. ವೈಪರ್ ಒಮ್ಮೆ ಹಾಕಿ, ಗಾಳಿಯನ್ನು ಗಾಜಿನಿಂದ ಕಾಲಿನ ಕಡೆ ತಿರುಗಿಸಿ, ತಂಪು ಕಡಿಮೆ ಮಾಡಿ.

ಹಂಚಿನ ಮಾಡು ಜೋರು ಗಾಳಿಮಳೆಗೆ ಮಾತ್ರ ಸೋರುತ್ತದೆ. ಒಂದು ಹಂಚೂ ಒಡೆದಿಲ್ಲ. ನೀರು ಎಲ್ಲಿಂದ ಬರುತ್ತದೆ?

ಹಂಚುಗಳು ಒಂದರ ಮೇಲೊಂದು ಹೊದ್ದಿರುವ ಸಂದಿಯಿಂದ, ಮೇಲ್ಮುಖವಾಗಿ ಹತ್ತಿ. ಎರಡು ಬಲಗಳು ಅದನ್ನು ಹತ್ತಿಸುತ್ತವೆ. ಒಂದು ಗಾಳಿಯ ಒತ್ತಡ: ಗಂಟೆಗೆ 60 ಕಿಲೋಮೀಟರಿನ ಗಾಳಿ ಬೀಸಿದರೆ ನೀರು ಸುಮಾರು 1.7 ಸೆಂಟಿಮೀಟರ್ ಎತ್ತರಕ್ಕೆ ತಳ್ಳಲ್ಪಡುತ್ತದೆ. ಇನ್ನೊಂದು ಲೋಮನಾಳ ಕ್ರಿಯೆ: ಒಂದು ಮಿಲಿಮೀಟರ್ ಸಂದಿಯಲ್ಲಿ ನೀರು ತಾನಾಗಿ 1.5 ಸೆಂಟಿಮೀಟರ್ ಏರುತ್ತದೆ. ಎರಡೂ ಸೇರಿ 3.2.

ಈಗ ಮಾಡಿನ ಇಳಿಜಾರು ನೋಡಿ. ಹಂಚಿನ ಮೇಲೆ ಹಂಚು ಏಳು ಸೆಂಟಿಮೀಟರ್ ಹೊದ್ದಿದೆ ಎಂದುಕೊಳ್ಳಿ. 30 ಡಿಗ್ರಿ ಇಳಿಜಾರಿನಲ್ಲಿ ನೀರು ಒಳಗೆ ಬೀಳಬೇಕಾದರೆ ನೇರ ಎತ್ತರದಲ್ಲಿ 3.5 ಸೆಂಟಿಮೀಟರ್ ಹತ್ತಬೇಕು, ಸ್ವಲ್ಪದರಲ್ಲಿ ಬಚಾವ್. ಇಳಿಜಾರು 15 ಡಿಗ್ರಿ ಆದರೆ 1.8 ಹತ್ತಿದರೆ ಸಾಕು, ಸೋರುವುದು ಖಂಡಿತ. ಹಳೆಯ ಮನೆಗೆ ತಗಲಿಸಿ ಚಾವಡಿ ಉದ್ದ ಮಾಡುವಾಗ ಎತ್ತರ ಸಾಲದೆ ಇಳಿಜಾರು ಕಡಿಮೆ ಮಾಡುತ್ತಾರಲ್ಲ, ಸೋರುವುದು ಹೆಚ್ಚಾಗಿ ಆ ಭಾಗವೇ.

ಪಾಚಿ, ತೆಂಗಿನ ಹೂವಿನ ಪುಡಿ, ಗೇರುಮರದ ಎಲೆಯ ಕಸ ಸಂದಿಯಲ್ಲಿ ಕೂತರೆ ಸಂದಿ ಸಣ್ಣದಾಗುತ್ತದೆ, ಸಣ್ಣದಾದಷ್ಟೂ ನೀರು ಎತ್ತರಕ್ಕೆ ಏರುತ್ತದೆ. ಅರ್ಧ ಮಿಲಿಮೀಟರ್ ಸಂದಿಗೆ ಮೂರು ಸೆಂಟಿಮೀಟರ್. ಆದ್ದರಿಂದ ಮೇ ತಿಂಗಳಲ್ಲಿ ಹಂಚು ಎತ್ತಿ, ಅಂಚಿನ ತೋಡುಗಳನ್ನು ಗಟ್ಟಿ ಬ್ರಷ್‌ನಿಂದ ಉಜ್ಜಿ ಮತ್ತೆ ಕೂರಿಸುವುದು ಅತ್ಯಗತ್ಯ. ಸಂದಿಗೆ ಸಿಮೆಂಟ್ ಮೆತ್ತುವ ಉಪಾಯ ಬೇಡ. ಹಂಚಿನ ಕೆಳಗಿನ ರೀಪು (ಮರದ ಪಟ್ಟಿ) ಬಿಸಿಲು-ಮಳೆಗೆ ಹಿಗ್ಗಿ ಕುಗ್ಗುತ್ತದೆ. ಸಿಮೆಂಟಿನಲ್ಲಿ ಕೂದಲಿನಷ್ಟು ಬಿರುಕು ಬಿಟ್ಟು, ಅಲ್ಲಿ ನೀರು ಇನ್ನೂ ಚೆನ್ನಾಗಿ ಹತ್ತುತ್ತದೆ. ರೀಪು ಬಾಗಿದ ಕಡೆ ಹಂಚು ಹಿಮ್ಮುಖವಾಗಿ ವಾಲುವುದೂ ಉಂಟು. ಅದನ್ನು ಬದಲಿಸದೆ ಬೇರೆ ದಾರಿ ಇಲ್ಲ.

ಹಂಚಿನ ಮನೆ ರಾತ್ರಿ ಬೇಗ ತಂಪಾಗುವುದು ಯಾಕೆ?

ತೂಕ ಕಡಿಮೆ. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ಹಾಕಿ ಮಾಡತೊಡಗಿದ ಮಾದರಿಯ ಹಂಚು ಚದರಮೀಟರಿಗೆ ಸುಮಾರು 40 ಕಿಲೋ ಬರುತ್ತದೆ. 12 ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ತಾರಸಿ 290 ಕಿಲೋ. ಹಗಲು ಹೀರಿಟ್ಟ ಶಾಖ ತಾರಸಿಯಲ್ಲಿ ಏಳು ಪಟ್ಟು. ನಡುರಾತ್ರಿವರೆಗೂ ಅದು ತಲೆ ಮೇಲೆ ಸುರಿಯುತ್ತಿರುತ್ತದೆ. ಹಂಚಿನ ಸಂದಿಯಿಂದ ಬಿಸಿಗಾಳಿ ಹೊರಗೆ ಹೋಗುವುದು ಇನ್ನೊಂದು ಅನುಕೂಲ. ಅಡಿಯಲ್ಲಿ ಪ್ಲಾಸ್ಟಿಕ್ ಹಾಳೆ ಹೊಡೆಸಿ ಸಂದಿ ಮುಚ್ಚಿದವರು ಈ ಅನುಕೂಲ ಕಳೆದುಕೊಂಡರು.

ಮಲ್ಪೆಯಿಂದ ಮೀನು ಬೆಂಗಳೂರಿಗೆ ಕೊಂಡುಹೋಗಲು ಎಷ್ಟು ಐಸ್ ಬೇಕು?

ಎಂಟು ಗಂಟೆಯ ರಾತ್ರಿ ಪ್ರಯಾಣಕ್ಕೆ ಕಿಲೋ ಮೀನಿಗೆ ಕಿಲೋ ಐಸ್. ಐದು ಕಿಲೋ ಬಂಗುಡೆಯ ಲೆಕ್ಕ ಹೀಗೆ: 30 ಡಿಗ್ರಿಯಿಂದ ಸೊನ್ನೆಗೆ ಇಳಿಸಲು ಕಿಲೋಗೆ 108 ಕಿಲೋಜೂಲ್, ಐಸ್ ಕರಗುವಾಗ ಹೀರುವುದು ಕಿಲೋಗೆ 334. ಅಂದರೆ ತಣಿಸಲು ಮಾತ್ರ 1.6 ಕಿಲೋ ಐಸ್ ಖರ್ಚು. ಉಳಿದದ್ದು ಪೆಟ್ಟಿಗೆಯ ಗೋಡೆಯಿಂದ ಒಳಬರುವ ಶಾಖಕ್ಕೆ. 45×35×30 ಸೆಂಟಿಮೀಟರಿನ, ಒಂದಿಂಚು ದಪ್ಪದ ಥರ್ಮಾಕೋಲ್ ಪೆಟ್ಟಿಗೆಗೆ ಹೊರಗಿನಿಂದ ಸುಮಾರು 34 ವ್ಯಾಟ್ ಶಾಖ ನುಗ್ಗುತ್ತದೆ, ಗಂಟೆಗೆ 360 ಗ್ರಾಂ ಐಸ್ ಕರಗುತ್ತದೆ. ಎಂಟು ಗಂಟೆಗೆ 2.9 ಕಿಲೋ. ಎರಡೂ ಸೇರಿ ನಾಲ್ಕೂವರೆ.

ಐಸ್ ಪುಡಿ ಮಾಡಿ ಹಾಕಿ, ತಳಕ್ಕೊಂದು ಪದರ, ಮೀನು, ಮತ್ತೆ ಐಸ್, ಕೊನೆಯ ಪದರ ಐಸಿನದ್ದೇ. ದೊಡ್ಡ ಗಡ್ಡೆ ಹಾಕಿದರೆ ಅದು ತಾಗಿದಲ್ಲಿ ಮಾತ್ರ ತಂಪು, ಉಳಿದ ಮೀನು ಬೆಚ್ಚಗೆ ಕೂತಿರುತ್ತದೆ. ಮುಚ್ಚಳದ ಸುತ್ತ ಟೇಪ್ ಸುತ್ತಿ. ಉಪ್ಪು ಬೆರೆಸಿದರೆ ಐಸ್ ಸೊನ್ನೆಗಿಂತ ಕೆಳಗಿಳಿದು ಮೀನಿನ ಹೊರಪದರ ಹೆಪ್ಪುಗಟ್ಟುತ್ತದೆ, ಕರಗಿದ ಮೇಲೆ ಮಾಂಸ ಮೆತ್ತಗಾಗುತ್ತದೆ, ಬೇಡ.

ಕಂಬಳದ ಓಟಗಾರ ಉಸೇನ್ ಬೋಲ್ಟ್‌ಗಿಂತ ವೇಗ ಎಂದು ಸುದ್ದಿಯಾಗಿತ್ತಲ್ಲ, ನಿಜವಾ?

ಅಂಕಿ ನಿಜ, ಹೋಲಿಕೆ ಸರಿಯಿಲ್ಲ. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು ಓಡಿಸಿದ ಕೋಣಗಳು 142.5 ಮೀಟರ್ ಉದ್ದದ ಕರೆಯನ್ನು (ಕೋಣ ಓಡುವ ಕೆಸರಿನ ಓಟದ ಹಾದಿ) 13.62 ಸೆಕೆಂಡಿನಲ್ಲಿ ಮುಗಿಸಿದವು. ಸರಾಸರಿ ಸೆಕೆಂಡಿಗೆ 10.46 ಮೀಟರ್. ಇದನ್ನೇ 100 ಮೀಟರಿಗೆ ಇಳಿಸಿದಾಗ 9.55 ಸೆಕೆಂಡ್ ಎಂದಾಯಿತು. ಬೋಲ್ಟ್‌ರ ವಿಶ್ವದಾಖಲೆ 9.58.

ಮೊದಲ ತೊಡಕು ಭಾಗಾಕಾರದಲ್ಲಿ. ಯಾವ ಓಟದಲ್ಲಾದರೂ ಆರಂಭದ ಕೆಲವು ಸೆಕೆಂಡ್ ವೇಗ ಏರಿಸುವುದಕ್ಕೇ ಹೋಗುತ್ತದೆ. ಕರೆ ಉದ್ದವಾದಷ್ಟೂ ಆ ನಷ್ಟ ಹಂಚಿಹೋಗಿ ಸರಾಸರಿ ಚಂದ ಕಾಣುತ್ತದೆ. ಬೋಲ್ಟ್ ಓಟದ ನಡುವೆ ಸೆಕೆಂಡಿಗೆ 12 ಮೀಟರಿಗೂ ಹೆಚ್ಚು ವೇಗ ಮುಟ್ಟಿದ್ದರು. ಎರಡನೆಯದು ಹಗ್ಗ. ಸೆಕೆಂಡಿಗೆ ಹತ್ತು ಮೀಟರ್ ಓಡುವವನಿಗೆ ಗಾಳಿಯ ತಡೆ 25–30 ನ್ಯೂಟನ್. ಕೈಯಲ್ಲಿ ಹಿಡಿದ ಹಗ್ಗದಲ್ಲಿ ಮೂರು ಕಿಲೋ ತೂಕದಷ್ಟು ಎಳೆತ ಇದ್ದರೂ ಆ ತಡೆ ಪೂರ್ತಿ ವಜಾ. ಕೋಣಗಳ ಜೋಡಿಗೆ ಅದು ಲೆಕ್ಕಕ್ಕೇ ಇಲ್ಲದ ಬಲ.

ಹಾಗೆಂದು ಕಂಬಳದ ಓಟವನ್ನು ಹಗುರ ಮಾಡುವುದೂ ತಪ್ಪು. ಕೆಸರು ನೀರಿನಲ್ಲಿ ಪ್ರತಿ ಹೆಜ್ಜೆಗೂ ಪಾದ ಹೊರಗೆಳೆಯಬೇಕು, ನೆಲ ಜಾರುತ್ತದೆ, ಎದುರಿನಿಂದ ನೀರು ಕಣ್ಣಿಗೆ ರಾಚುತ್ತದೆ, ಕೋಣ ನಿಮಗಾಗಿ ನಿಧಾನ ಮಾಡುವುದಿಲ್ಲ. ಕಾಲು ಆ ವೇಗಕ್ಕೆ ಹೊಂದದಿದ್ದರೆ ಮಂಜೊಟ್ಟಿ (ಕರೆಯ ಕೊನೆ) ಮುಟ್ಟುವ ಮೊದಲೇ ಬೀಳುವುದು. ಟ್ರ್ಯಾಕಿನ ಓಟದೊಂದಿಗೆ ತೂಗುವುದಕ್ಕಿಂತ ಬೇರೆಯೇ ಕ್ರೀಡೆ ಎಂದು ಒಪ್ಪುವುದು ಮರ್ಯಾದೆ.

ಕನೆ ಹಲಗೆಯಲ್ಲಿ ನೀರು ನಿಶಾನೆ ಮುಟ್ಟುವಷ್ಟು ಎತ್ತರಕ್ಕೆ ಹೇಗೆ ಹಾರುತ್ತದೆ?

ಕೋಣಗಳು ಎಳೆಯುವ, ತೂತುಗಳಿರುವ ಹಲಗೆಯೇ ಕನೆ ಹಲಗೆ; ನಿಶಾನೆ ಎಂದರೆ ಕರೆಯ ಮೇಲೆ ಎತ್ತರದಲ್ಲಿ ಕಟ್ಟಿದ ಬಟ್ಟೆ. ವೇಗವೇ ಎತ್ತರವಾಗುವುದು. ಸೆಕೆಂಡಿಗೆ ಹತ್ತು ಮೀಟರ್ ವೇಗದಲ್ಲಿ ಹಲಗೆಗೆ ಬಡಿದ ನೀರು ತೂತಿನಿಂದ ಅಷ್ಟೇ ವೇಗದಲ್ಲಿ ನೇರ ಮೇಲೆ ಚಿಮ್ಮಿದರೆ ಐದು ಮೀಟರ್ ಏರೀತು. ವೇಗ ಎರಡರಷ್ಟಾದರೆ ಎತ್ತರ ನಾಲ್ಕರಷ್ಟು. ಹತ್ತು ಶೇಕಡಾ ನಿಧಾನವಾದರೆ ಒಂದು ಮೀಟರ್ ನಷ್ಟ. ಹಲಗೆಯ ಮೇಲೆ ನಿಂತವರ ಕಾಲಿನ ಒತ್ತು ಸ್ವಲ್ಪ ಆಚೀಚೆ ಆದರೂ ಚಿಲುಮೆ ಓರೆಯಾಗಿ ನಿಶಾನೆ ತಪ್ಪುತ್ತದೆ.

ಪಿಲಿವೇಷದವರು (ಹುಲಿವೇಷ) ಅಕ್ಕಿಮುಡಿಯನ್ನು (ಬೈಹುಲ್ಲಿನಲ್ಲಿ ಕಟ್ಟಿದ ಅಕ್ಕಿಯ ಮೂಟೆ) ಹಲ್ಲಿನಲ್ಲಿ ಕಚ್ಚಿ ಎತ್ತುವಾಗ ಮುಂದಕ್ಕೆ ಮುಗ್ಗರಿಸುವುದಿಲ್ಲ ಯಾಕೆ?

ಮೈಯನ್ನು ಹಿಂದಕ್ಕೆ ತರುತ್ತಾರೆ. ವೇಷದವರ ತೂಕ 70 ಕಿಲೋ, ಮುಡಿ 40 ಕಿಲೋ, ಅದು ಪಾದದಿಂದ 40 ಸೆಂಟಿಮೀಟರ್ ಮುಂದೆ ತೂಗುತ್ತಿದೆ ಎಂದುಕೊಳ್ಳಿ. ಸಮತೋಲಕ್ಕೆ ಮೈಯ ಗುರುತ್ವಕೇಂದ್ರ ಪಾದದಿಂದ 23 ಸೆಂಟಿಮೀಟರ್ ಹಿಂದೆ ಇರಬೇಕು. ಮಂಡಿ ಬಾಗಿಸಿ, ಕಾಲು ಅಗಲಿಸಿ, ಸೊಂಟ ಹಿಂದಕ್ಕೆ ತಳ್ಳುವ ಆ ಭಂಗಿ ಸೊಗಸಿಗೆ ಮಾತ್ರ ಬಂದದ್ದಲ್ಲ. ಹಿಂದಕ್ಕೆ ಎಸೆಯುವಾಗ ಕೆಲಸ ಮಾಡುವುದು ತೊಡೆ ಮತ್ತು ಬೆನ್ನು. ದವಡೆ ಬಿಡದೆ ಹಿಡಿಯಬೇಕಷ್ಟೆ. ಅಭ್ಯಾಸ ಇಲ್ಲದವರು ಕತ್ತಿನಿಂದ ಎತ್ತಲು ಹೋದರೆ ಆಸ್ಪತ್ರೆ ಸೇರುವುದು.

ಸಿನಿಮಾದಲ್ಲಿ ಹೀರೋ ಒಂದು ಗುದ್ದಿಗೆ ವಿಲನನ್ನು ನಾಲ್ಕು ಮೀಟರ್ ಹಾರಿಸಬಹುದಾ?

ಹೀರೋ ಕೂಡ ಹಾರಲು ಸಿದ್ಧ ಇದ್ದರೆ. 75 ಕಿಲೋದ ವಿಲನ್ ನೆಲಕ್ಕೆ ಬೀಳುವ ಮೊದಲು ನಾಲ್ಕು ಮೀಟರ್ ದಾಟಬೇಕಾದರೆ ಸೆಕೆಂಡಿಗೆ ಒಂಬತ್ತು ಮೀಟರ್ ವೇಗ ಬೇಕು. ಅಷ್ಟೇ ಸಂವೇಗ ಹಿಮ್ಮುಖವಾಗಿ ಹೀರೋಗೂ ಸಿಗುತ್ತದೆ. ಗುದ್ದು ತಾಗುವ 0.1 ಸೆಕೆಂಡಿನಲ್ಲಿ ಬೂಟಿನ ಘರ್ಷಣೆ ಅದರಲ್ಲಿ ಸೆಕೆಂಡಿಗೆ 0.7 ಮೀಟರನ್ನು ಮಾತ್ರ ತಡೆದೀತು. ಉಳಿದ ಎಂಟು ಮೀಟರ್ ವೇಗದಲ್ಲಿ ಹೀರೋ ಹಿಂದಿನ ಗೋಡೆಗೆ. ತೆರೆಯ ಮೇಲೆ ಹಾಗಾಗದಿರುವುದು ವಿಲನನ ಸೊಂಟಕ್ಕೆ ಕಟ್ಟಿದ ತಂತಿಯ ಕೃಪೆ.

ಬೈಲಿನಾಚೆ ಯಕ್ಷಗಾನದ ಆಟ ಆಗುವಾಗ ನಡುರಾತ್ರಿ ಚೆಂಡೆ ಮನೆ ಬಾಗಿಲಲ್ಲೇ ಬಾರಿಸಿದ ಹಾಗೆ ಕೇಳುತ್ತದೆ, ಸಂಜೆ ಕೇಳುವುದಿಲ್ಲ. ಯಾಕೆ?

ರಾತ್ರಿಯ ಗಾಳಿ ಶಬ್ದವನ್ನು ನೆಲದ ಕಡೆ ಬಗ್ಗಿಸುತ್ತದೆ. ಶಬ್ದದ ವೇಗ ಪ್ರತಿ ಡಿಗ್ರಿಗೆ ಸೆಕೆಂಡಿಗೆ 0.6 ಮೀಟರ್ ಹೆಚ್ಚುತ್ತದೆ. ಹಗಲು ನೆಲ ಬಿಸಿ, ಮೇಲೆ ಹೋದಂತೆ ತಂಪು. ಶಬ್ದದ ಅಲೆ ಮೇಲಕ್ಕೆ ಬಾಗಿ ನಮ್ಮ ತಲೆಯ ಮೇಲಿನಿಂದ ಹೋಗಿಬಿಡುತ್ತದೆ. ಡಿಸೆಂಬರ್–ಜನವರಿಯ ತಿಳಿ ರಾತ್ರಿಯಲ್ಲಿ ಗದ್ದೆ ಬೇಗ ತಣಿದು ತಂಪುಗಾಳಿ ಕೆಳಗೆ, ಬೆಚ್ಚನೆಯದು ಮೇಲೆ ನಿಲ್ಲುತ್ತದೆ. ಆಗ ಅಲೆ ಕೆಳಕ್ಕೆ ಬಾಗುತ್ತದೆ. ಮೋಡ ಅಥವಾ ಜೋರು ಗಾಳಿ ಇದ್ದ ರಾತ್ರಿ ಈ ಪದರ ನಿಲ್ಲುವುದಿಲ್ಲ, ಚೆಂಡೆಯೂ ಅಷ್ಟು ಕೇಳದು.

ಮದ್ದಳೆಯ ನಡುವೆ ಕಪ್ಪು ಕರಣೆ ಯಾಕೆ?

ಬರೀ ಚರ್ಮದ ಮೂಲಸ್ವರ 1 ಎಂದಿಟ್ಟರೆ ಉಪಸ್ವರಗಳು 1.59, 2.14, 2.30 ಹೀಗೆ ಅಡ್ಡಾದಿಡ್ಡಿ ಬರುತ್ತವೆ, ಕಿವಿಗೆ ಅದು ಸದ್ದು ಮಾತ್ರ. ನಡುವೆ ತೂಕ ಸೇರಿಸಿದರೆ ಅವು 1, 2, 3ರ ಹತ್ತಿರ ಬಂದು ಶ್ರುತಿ ಕೂಡುತ್ತದೆ. ಮೃದಂಗದಲ್ಲಿ ಇದು ಹೇಗೆ ಆಗುತ್ತದೆ ಎಂದು 1920ರಲ್ಲೇ ತೋರಿಸಿಕೊಟ್ಟವರು ಸಿ.ವಿ. ರಾಮನ್. ಕರಣೆ ಬಿರುಕು ಬಿಟ್ಟು ಉದುರಿದ ಮದ್ದಳೆಯನ್ನು ಎಷ್ಟು ಬಿಗಿದರೂ ಶ್ರುತಿಗೆ ಬಾರದಿರುವುದು ಇದಕ್ಕೇ.

ಕಡಲ ಗಾಳಿ "ಭಾರ", ಅದಕ್ಕೆ ಚೆಂಡು ದೂರ ಹೋಗುವುದಿಲ್ಲ ಎನ್ನುತ್ತಾರೆ ಕ್ರಿಕೆಟ್ ಆಡುವವರು. ಹೌದಾ?

ಇಲ್ಲ. ಅದೇ ಉಷ್ಣತೆ, ಅದೇ ಒತ್ತಡದಲ್ಲಿ ತೇವ ಗಾಳಿ ಒಣಗಾಳಿಗಿಂತ ಸ್ವಲ್ಪ ಹಗುರ. ನೀರಿನ ಅಣುತೂಕ 18, ಗಾಳಿಯ ಸರಾಸರಿ 29. ಚೆಂಡು ಬೀಳುವುದು ಎದುರುಗಾಳಿಗೆ, ಅಥವಾ ಒದ್ದೆಯಾದ ಟೆನಿಸ್ ಚೆಂಡಿನ ತೂಕಕ್ಕೆ.

ಪಣಂಬೂರು, ಮಲ್ಪೆ, ಸೋಮೇಶ್ವರದಲ್ಲಿ ಈಜು ಬರುವವರೂ ಮುಳುಗುತ್ತಾರಲ್ಲ, ನೀರು ಒಳಗೆಳೆಯುತ್ತದಾ?

ಅಡಿಗೆ ಎಳೆಯುವುದಿಲ್ಲ, ಹೊರಗೆ ಒಯ್ಯುತ್ತದೆ. ಅಲೆ ದಡಕ್ಕೆ ತಂದು ಸುರಿದ ನೀರು ಮರಳದಿಬ್ಬದ ನಡುವಿನ ತಗ್ಗಿನಲ್ಲಿ ಒಟ್ಟಾಗಿ ಕಡಲಿಗೆ ಮರಳುತ್ತದೆ. ಈ ಸೆಳೆತದ ವೇಗ ಸೆಕೆಂಡಿಗೆ ಎರಡು ಮೀಟರ್ ಮುಟ್ಟಬಹುದು. ಒಲಿಂಪಿಕ್ ಈಜುಗಾರರ ವೇಗವೂ ಸುಮಾರು ಅಷ್ಟೇ. ಮಂಡಿ ಮಟ್ಟದ ನೀರಾದರೂ ಆ ವೇಗದಲ್ಲಿ ಎರಡು ಕಾಲುಗಳ ಮೇಲೆ 20 ಕಿಲೋ ತೂಕದಷ್ಟು ತಳ್ಳು ಬೀಳುತ್ತದೆ, ಜೊತೆಗೆ ಪಾದದ ಅಡಿಯ ಮರಳೂ ಕೊಚ್ಚಿಹೋಗುತ್ತದೆ.

ದಡದಿಂದ ನೋಡಿದರೆ ಎರಡೂ ಬದಿ ಅಲೆ ಒಡೆಯುತ್ತಿರುತ್ತದೆ, ನಡುವೆ ಒಂದು ಪಟ್ಟಿ ಮಾತ್ರ ಶಾಂತ, ಬಣ್ಣ ಕಂದು ಅಥವಾ ಕಡುಗಪ್ಪು, ನೊರೆ ಹೊರಗೆ ಸಾಗುತ್ತಿರುತ್ತದೆ. ಶಾಂತ ಉಂಟು ಎಂದು ಮಕ್ಕಳನ್ನು ಇಳಿಸುವುದು ಸರಿಯಾಗಿ ಅಲ್ಲಿಗೇ. ಸಿಕ್ಕಿಬಿದ್ದರೆ ದಡದ ಕಡೆ ಈಜಬೇಡಿ. ಸುಸ್ತಾಗಿ ಮುಳುಗುವುದು ಅದರಿಂದಲೇ. ಮಲಗಿ ತೇಲಿ, ಒಂದು ಕೈ ಎತ್ತಿ ಕರೆಯಿರಿ. ಶಕ್ತಿ ಇದ್ದರೆ ದಡಕ್ಕೆ ಸಮಾನಾಂತರವಾಗಿ ಈಜಿ; ಪಟ್ಟಿ ಹೆಚ್ಚಾಗಿ 10–30 ಮೀಟರ್ ಅಗಲ ಇರುತ್ತದೆ. ಅಲೆ ಒಡೆಯುವ ಜಾಗಕ್ಕೆ ಬಂದ ಮೇಲೆ ಓರೆಯಾಗಿ ದಡಕ್ಕೆ ಬನ್ನಿ. ಸಿಕ್ಕಿಬಿದ್ದವರನ್ನು ಹಿಡಿಯಲು ಬರಿಗೈಯಲ್ಲಿ ಹಾರಬೇಡಿ; ಖಾಲಿ ಕ್ಯಾನ್, ಟ್ಯೂಬ್, ಹಗ್ಗ ಎಸೆಯಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಳಿಯುವ ಮಾತೇ ಬೇಡ.

ಭರತ (ಕಡಲಿನ ಉಬ್ಬರ) ಪ್ರತಿದಿನ ಅದೇ ಹೊತ್ತಿಗೆ ಬರುವುದಿಲ್ಲ ಯಾಕೆ?

ಚಂದ್ರ ದಿನಕ್ಕೆ 50 ನಿಮಿಷ ತಡ, ಭರತವೂ ತಡ. ಅಮಾವಾಸ್ಯೆ–ಹುಣ್ಣಿಮೆಯ ಆಸುಪಾಸು ಮಂಗಳೂರಿನಲ್ಲಿ ಏರಿಳಿತ ಒಂದೂಕಾಲು ಮೀಟರ್ ಆಸುಪಾಸು. ಇಪ್ಪತ್ತಕ್ಕೆ ಒಂದರ ಇಳಿಜಾರಿನ ದಡದಲ್ಲಿ ಅದು 25 ಮೀಟರ್ ಮರಳು. ಚಪ್ಪಲಿ, ಬೈಕು ಅದಕ್ಕಿಂತ ಮೇಲೆ ಇಡಿ.

ಮಲ್ಪೆಯಲ್ಲಿ ಮುಳುಗುವ ಸೂರ್ಯ ಚಪ್ಪಟೆ ಕಾಣುವುದು ಕಣ್ಣಿನ ಮೋಸವಾ?

ಗಾಳಿಯ ಕೆಲಸ. ದಿಗಂತದ ಬಳಿ ವಾತಾವರಣ ಬೆಳಕನ್ನು ಅರ್ಧ ಡಿಗ್ರಿಗಿಂತ ಸ್ವಲ್ಪ ಹೆಚ್ಚು ಬಗ್ಗಿಸುತ್ತದೆ, ಸೂರ್ಯನ ಕೆಳ ಅಂಚನ್ನು ಮೇಲಂಚಿಗಿಂತ ಹೆಚ್ಚು ಎತ್ತುತ್ತದೆ. ಸೂರ್ಯಬಿಂಬದ ಅಗಲವೇ ಅರ್ಧ ಡಿಗ್ರಿ. ಆದ್ದರಿಂದ ಬಿಂಬದ ತಳ ಕಡಲು ಮುಟ್ಟಿತು ಎಂದು ಎಲ್ಲರೂ ಫೋಟೋ ತೆಗೆಯುವಾಗ ನಿಜವಾದ ಸೂರ್ಯ ಪೂರ್ತಿ ಕೆಳಗೆ ಹೋಗಿಯಾಗಿದೆ. ಒಂದು ಪ್ರಯೋಗ ಮಾಡಿ: ಮರಳಿನಲ್ಲಿ ಅಂಗಾತ ಮಲಗಿ ತಲೆ ಮಾತ್ರ ಎತ್ತಿ ನೋಡಿ. ಕೊನೆಯ ಚೂರು ಮಾಯವಾದ ಕೂಡಲೇ ಎದ್ದು ನಿಂತರೆ ನಾಲ್ಕೈದು ಸೆಕೆಂಡ್ ಮತ್ತೆ ಕಾಣುತ್ತದೆ. ದಿಗಂತದಲ್ಲಿ ಮೋಡ ಇರಬಾರದು, ಬಿಂಬ ಕೆಂಪಾಗಿ ಮಂಕಾಗುವವರೆಗೆ ನೇರ ನೋಡಲೂಬಾರದು.

ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುವ, ನೆರಳಿಲ್ಲದ ದಿನ ಯಾವುದು?

ಮಂಗಳೂರಿನಲ್ಲಿ ಏಪ್ರಿಲ್ 24, ಉಡುಪಿಯಲ್ಲಿ ಏಪ್ರಿಲ್ 25, ಮಧ್ಯಾಹ್ನ 12.29ರ ಸುಮಾರಿಗೆ. ಗಡಿಯಾರದ 12ಕ್ಕೆ ಕಾಯಬೇಡಿ; ನಮ್ಮ ಸಮಯ 82.5 ಡಿಗ್ರಿ ರೇಖಾಂಶದ್ದು, ನಾವಿರುವುದು ಅದಕ್ಕಿಂತ ಏಳೂವರೆ ಡಿಗ್ರಿಗೂ ಹೆಚ್ಚು ಪಶ್ಚಿಮಕ್ಕೆ. ಸ್ಟೀಲ್ ಲೋಟ ಕವುಚಿದರೆ ಓರೆ ಗೋಡೆಯಿಂದ ಮೋಸ ಆಗುತ್ತದೆ, ನೇರ ಪೈಪಿನ ತುಂಡು ಒಳ್ಳೆಯದು. ಆಗಸ್ಟ್ 17–18ಕ್ಕೆ ಇನ್ನೊಮ್ಮೆ ಬರುತ್ತದೆ, ಮೋಡ ಬಿಟ್ಟರೆ. ಈ ಎರಡು ದಿನಗಳ ನಡುವೆ ಮಧ್ಯಾಹ್ನದ ಸೂರ್ಯ ನಮಗೆ ಉತ್ತರಕ್ಕಿರುವುದರಿಂದ ಬಡಗು ಜಗಲಿಗೆ ಬಿಸಿಲು ಬೀಳುತ್ತದೆ.

ಸೇಂಟ್ ಮೇರೀಸ್ ದ್ವೀಪದ ಕಂಬಗಳನ್ನು ಯಾರಾದರೂ ಕಡಿದದ್ದಾ?

ತಣಿಯುವ ಲಾವಾ ತಾನೇ ಸೀಳಿಕೊಂಡದ್ದು. ಕುಗ್ಗುವಾಗ ಬಿರುಕುಗಳು 120 ಡಿಗ್ರಿ ಕೋನದಲ್ಲಿ ಕೂಡಿದರೆ ಕಡಿಮೆ ಶಕ್ತಿಯಲ್ಲಿ ಕೆಲಸ ಮುಗಿಯುತ್ತದೆ, ಅದರಿಂದ ಆರು ಮೂಲೆ. ಎಣಿಸಿ ನೋಡಿದರೆ ಐದು, ಏಳು ಮೂಲೆಯವೂ ಸಿಗುತ್ತವೆ. ಜನ ಬಸಾಲ್ಟ್ ಎನ್ನುತ್ತಾರೆ. ರಾಸಾಯನಿಕವಾಗಿ ಇದು ಸಿಲಿಕಾ ಹೆಚ್ಚಿರುವ ರಯೋಲೈಟ್–ಡೇಸೈಟ್ ವರ್ಗದ್ದು. ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದ್ದು, ಸುಮಾರು ಎಂಟೂವರೆಯಿಂದ ಒಂಬತ್ತು ಕೋಟಿ ವರ್ಷ ಹಳೆಯದು.

ಅಡಿಕೆ ತೋಟದಲ್ಲಿ ಕಾರ್ಬನ್ ಫೈಬರ್ ದೋಟಿ (ಕೊನೆ ಕೊಯ್ಯುವ ಉದ್ದ ಕೋಲು) ಬಳಸಿದರೆ ಕರೆಂಟ್ ಹೊಡೆಯುವುದಿಲ್ಲವಲ್ಲ?

ಹೊಡೆಯುತ್ತದೆ. ಕಾರ್ಬನ್ ಫೈಬರ್ ವಿದ್ಯುತ್ ಹರಿಯಬಿಡುವ ವಸ್ತು. "ಫೈಬರ್" ಎಂಬ ಹೆಸರು ಕೇಳಿ ಪ್ಲಾಸ್ಟಿಕ್ಕಿನಂತೆ ತಡೆಯುತ್ತದೆ ಎಂದು ನಂಬಿ ತಂತಿಯ ಹತ್ತಿರ ಎತ್ತುವುದು ಅಲ್ಯೂಮಿನಿಯಂ ದೋಟಿ ಎತ್ತಿದಷ್ಟೇ ಅಪಾಯ. ಒದ್ದೆಯಾದರೆ ಬಿದಿರು ಕೂಡ ನಂಬುವಂಥದ್ದಲ್ಲ. ತೋಟದ ಮೇಲೆ 11 ಕಿಲೋವೋಲ್ಟ್ ತಂತಿ ಹೋಗಿದ್ದರೆ ದೋಟಿಯನ್ನು ಪೂರ್ತಿ ಉದ್ದ ಮಾಡುವ ಮೊದಲು, ಅದು ವಾಲಿ ಬಿದ್ದರೆ ತುದಿ ಎಲ್ಲಿಗೆ ತಲುಪುತ್ತದೆ ಎಂದು ನೆಲದಲ್ಲಿ ಅಳೆದುಕೊಳ್ಳಿ. ತಂತಿ ಆ ವ್ಯಾಪ್ತಿಯೊಳಗೆ ಬರುವುದಾದರೆ ಆ ಸಾಲಿನ ಮರಗಳಿಗೆ ಮೆಸ್ಕಾಂನವರು ಲೈನ್ ಬಂದ್ ಮಾಡಿದ ಮೇಲೆಯೇ ಕೈ ಹಾಕಿ. ಗುಡುಗು ಶುರುವಾದರೆ ಮಿಂಚಿನಿಂದ ಸದ್ದಿನವರೆಗೆ ಸೆಕೆಂಡ್ ಎಣಿಸಿ ಮೂರರಿಂದ ಭಾಗಿಸಿ, ಕಿಲೋಮೀಟರ್ ಸಿಗುತ್ತದೆ. 30 ಸೆಕೆಂಡಿನೊಳಗೆ ಸದ್ದು ಬಂದರೆ ದೋಟಿ ಕೆಳಗಿಟ್ಟು ಮನೆಯೊಳಗೆ ಹೋಗಿ, ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ತೋಟಕ್ಕೆ ಇಳಿಯಬೇಡಿ.